ಮಲೆನಾಡಿನ ಜ್ವರಕ್ಕೂ ಅಮೆರಿಕದ ದುಡ್ಡಿಗೂ ಹಳೇ ನಂಟು

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದರು. ಅವತ್ತೇ ವಿದೇಶಿ ನೆರವಿಗೆ 90 ದಿನಗಳ ತಡೆ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶಕ್ಕೂ ಸಹಿ ಬಿತ್ತು. ಮಾರ್ಚ್ ಹೊತ್ತಿಗೆ ಅಮೆರಿಕದ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್‌ನ ಶೇ 83ರಷ್ಟು ಯೋಜನೆಗಳು ರದ್ದಾದವು. 1961ರಲ್ಲಿ ಕೆನಡಿ ಕಾಲದಲ್ಲಿ ಶುರುವಾಗಿದ್ದ ಆ ಸಂಸ್ಥೆ ಜುಲೈ 1ಕ್ಕೆ ಮುಚ್ಚಿಯೇ ಹೋಯಿತು.

ಶಿವಮೊಗ್ಗದಲ್ಲಿ ಕೂತು ಓದಿದರೆ ಇದು ಆಫ್ರಿಕಾದವರ ಪಾಡು, ನಮಗೇನು ಅನ್ನಿಸಬಹುದು. ಆದರೆ ಹೊರಗಿನ ದುಡ್ಡು ಬಂದಾಗ ಏನಾಗುತ್ತದೆ, ನಿಂತಾಗ ಏನಾಗುತ್ತದೆ ಅನ್ನುವುದನ್ನು ಮಲೆನಾಡು ಎರಡು ಸಲ ಕಂಡಿದೆ.

ಮೊದಲನೆಯದು ಚಳಿಜ್ವರ. ಒಂದು ಕಾಲಕ್ಕೆ ಮಲೆನಾಡು ಅಂದರೆ ಮಲೇರಿಯಾದ ಸೀಮೆ. ಹೊಟ್ಟೆಯಲ್ಲಿ ಜ್ವರಗಡ್ಡೆ (ಊದಿಕೊಂಡ ಗುಲ್ಮ) ಬೆಳೆದ ಮಕ್ಕಳು ಮನೆಮನೆಯಲ್ಲೂ ಇದ್ದರು. ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸೇರಿ ಮೂಡಿಗೆರೆಯಂಥ ಕಡೆ ಮಲೇರಿಯಾ ಅಧ್ಯಯನ ಕೇಂದ್ರ ತೆರೆದದ್ದು ಸುಮ್ನೆ ಅಲ್ಲ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಡಿಡಿಟಿ ಕೊಳ್ಳಲು ಅಮೆರಿಕದ ನೆರವು ಸಿಕ್ಕಿತು. ಮನೆ, ಕೊಟ್ಟಿಗೆ ಒಂದನ್ನೂ ಬಿಡದೆ ಗೋಡೆಗೆ ಡಿಡಿಟಿ ಹೊಡೆದರು. 1965ರ ಹೊತ್ತಿಗೆ ಇಡೀ ದೇಶದಲ್ಲಿ ಸಿಕ್ಕ ಪ್ರಕರಣಗಳು ಒಂದು ಲಕ್ಷದ ಆಸುಪಾಸು. ಸಾವು ಇಲ್ಲವೇ ಇಲ್ಲ.

ಮಲೇರಿಯಾ ಮುಗಿಯಿತು ಅಂತ ಎಲ್ಲರೂ ನಂಬಿದರು. ಜಾಗತಿಕ ಮಲೇರಿಯಾ ನಿರ್ಮೂಲನೆಗೆ ಅಮೆರಿಕ ಕೊಡುತ್ತಿದ್ದ ವಿಶೇಷ ಹಣ 1963ಕ್ಕೇ ನಿಂತಿತ್ತು. ತಪ್ಪು ಅದೊಂದರದ್ದೇ ಅಲ್ಲ. ಸೊಳ್ಳೆಗಳು ಡಿಡಿಟಿಗೆ ಬಗ್ಗದಾದವು, ಔಷಧಿಯೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ, ಹಳ್ಳಿಗಳಲ್ಲಿ ಆರೋಗ್ಯ ಕೇಂದ್ರಗಳು ಗಟ್ಟಿಯಾಗಿರಲಿಲ್ಲ. 1976ರಲ್ಲಿ ದೇಶದಲ್ಲಿ ಮತ್ತೆ 64 ಲಕ್ಷಕ್ಕೂ ಜಾಸ್ತಿ ಪ್ರಕರಣ! ರೋಗ ಕಮ್ಮಿಯಾದಾಗಲೇ ಖರ್ಚಿಗೆ ಕತ್ತರಿ ಬೀಳುವುದು, ಕತ್ತರಿ ಬಿದ್ದ ಮೇಲೆ ರೋಗ ವಾಪಸ್ ಬರುವುದು. ನನ್ನ ಮಟ್ಟಿಗೆ ಈಗಿನ ಸುದ್ದಿಯಲ್ಲಿ ಹೆದರಿಸುವುದು ಇದೇ.

ಎರಡನೆಯದು ನಮ್ಮದೇ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಊರವರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಓಡಿ ಬಂದರು. ಅದನ್ನು 1952ರಲ್ಲಿ ಕಟ್ಟಿದ್ದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅದೇ ರಾಕ್‌ಫೆಲರ್ ಪ್ರತಿಷ್ಠಾನ. ಆ ವಿಜ್ಞಾನಿಗಳಿಗಿದ್ದ ಭಯ ಬೇರೆ. ಏಷ್ಯಾದಲ್ಲಿ ಇಲ್ಲದ ಹಳದಿ ಜ್ವರ ಇಲ್ಲಿಗೂ ಕಾಲಿಟ್ಟಿತಾ ಅಂತ. ಅದು ಹಳದಿ ಜ್ವರ ಆಗಿರಲಿಲ್ಲ. ಉಣುಗಿನಿಂದ ಹರಡುವ ಹೊಸ ವೈರಸ್ ಸಿಕ್ಕಿತು, ಅದಕ್ಕೆ ಕ್ಯಾಸನೂರಿನ ಹೆಸರೇ ಬಂತು. ರಷ್ಯಾದ ಕಡೆಯ ಇಂಥದ್ದೇ ಮೆದುಳುಜ್ವರಕ್ಕೆಂದು ಮಾಡಿದ್ದ ಲಸಿಕೆಯನ್ನು ಅಮೆರಿಕದಿಂದ ತರಿಸಿ ಹಾಕಿ ನೋಡಿದರು. ಉಪಯೋಗ ಆಗಲಿಲ್ಲ.

1960ರ ದಶಕದ ಕೊನೆಗೆ ರಾಕ್‌ಫೆಲರ್ ಹಣ ನಿಂತಿತು. ಆದರೆ ಹೋಗುವಾಗ ಪ್ರಯೋಗಾಲಯ ಉಳಿದಿತ್ತು, ತರಬೇತಾದ ನಮ್ಮವರು ಇದ್ದರು, ಖರ್ಚು ಹೊರಲು ಐಸಿಎಂಆರ್ ಇತ್ತು. ಹದಿನೈದು ವರ್ಷದಷ್ಟು ಜೊತೆಗಿದ್ದು ಬಿಟ್ಟುಕೊಟ್ಟದ್ದು ಅದು. ಯುಎಸ್‌ಏಡ್ ವಿಷಯದಲ್ಲಿ ವಾರಗಳಲ್ಲೇ ಎಲ್ಲ ಮುಗಿದಿತ್ತು.

ಹಾಗಂತ ನಮ್ಮ ಕಡೆ ಎಲ್ಲ ಸರಿ ಹೋಯಿತಾ? ಇಲ್ಲ. ಮಂಗನ ಕಾಯಿಲೆಯ ಕೆಲಸ ಎಂಥದ್ದು ಅಂತ ಒಮ್ಮೆ ನೋಡಬೇಕು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕಾಡಿನ ತರಗೆಲೆ ಮೇಲೆ ಎಳೆದುಕೊಂಡು ಹೋಗುತ್ತಾರೆ. ಸಾಸಿವೆಗಿಂತ ಸಣ್ಣ ಉಣುಗುಗಳು ಅದಕ್ಕೆ ಹತ್ತಿಕೊಳ್ಳುತ್ತವೆ. ಚಿಮಟದಲ್ಲಿ ಒಂದೊಂದಾಗಿ ಎತ್ತಿ ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸುತ್ತಾರೆ. ಸತ್ತ ಮಂಗದ ಸುದ್ದಿ ಬಂದರೆ ಆ ಜಾಗ ಹುಡುಕಿಕೊಂಡು ಹೋಗಬೇಕು. ಸೊಪ್ಪು, ದರಗು ತರಲು ಕಾಡಿಗೆ ಹೋಗುವವರಿಗೆ ಆಶಾ ಕಾರ್ಯಕರ್ತೆಯರು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಹಂಚಬೇಕು. ಡಿಸೆಂಬರ್‌ನಿಂದ ಮೇ ತನಕ, ಪ್ರತಿ ವರ್ಷ. ಒಂದು ವರ್ಷ ತಪ್ಪಿದರೂ ಕಷ್ಟ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಮನೆಗಳು ಜೀವ ಕಳೆದುಕೊಂಡವು, ಮರೆಯೋಕಾಗಲ್ಲ ಅಲ್ವಾ? ಇದ್ದ ಲಸಿಕೆಯನ್ನೂ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಲಾಯಿತು. ಹೊಸದನ್ನು ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆ ಸೇರಿ ಮಾಡುತ್ತಿದೆ. ಕೆಲವೇ ಜಿಲ್ಲೆಗಳ ಬಡವರ ರೋಗಕ್ಕೆ ಹೊರಗಿನ ಯಾವ ಕಂಪನಿಯೂ ದುಡ್ಡು ಹಾಕುವುದಿಲ್ಲ. ಸರ್ಕಾರವೇ ಹಾಕಬೇಕು. ನಮ್ಮದಕ್ಕೆ ಆ ಶಕ್ತಿ ಇದೆ.

ಆ ಶಕ್ತಿ ಇಲ್ಲದ ದೇಶಗಳಿಗೇ ಈಗ ಪೆಟ್ಟು. 2003ರಲ್ಲಿ ಜಾರ್ಜ್ ಬುಷ್ ಎಚ್‌ಐವಿ ವಿರುದ್ಧ ಪೆಪ್‌ಫಾರ್ ಅನ್ನುವ ಯೋಜನೆ ಘೋಷಿಸಿದರು. ಐದು ವರ್ಷಕ್ಕೆ 1500 ಕೋಟಿ ಡಾಲರ್. ಅದಕ್ಕೂ ಎರಡು ವರ್ಷ ಮೊದಲು ನಮ್ಮ ಸಿಪ್ಲಾ ಕಂಪನಿ, ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೀರುತ್ತಿದ್ದ ಔಷಧಿಯನ್ನು ದಿನಕ್ಕೆ ಒಂದು ಡಾಲರಿಗೆ ಕೊಡುವುದಾಗಿ ಹೇಳಿತ್ತು. ಭಾರತದ ಅಗ್ಗದ ಮಾತ್ರೆ, ಅಮೆರಿಕದ ದುಡ್ಡು ಸೇರಿ ಲಕ್ಷಾಂತರ ಜನ ಬದುಕಿದರು. ಪೆಪ್‌ಫಾರ್‌ನಿಂದ ಉಳಿದ ಜೀವ ಎರಡೂವರೆ ಕೋಟಿ ಅಂತ ಅಮೆರಿಕ ಸರ್ಕಾರವೇ ಲೆಕ್ಕ ಕೊಟ್ಟಿದೆ. ವಿದೇಶಿ ನೆರವೆಲ್ಲ ಸೇರಿದರೂ ಅಮೆರಿಕದ ಬಜೆಟ್ಟಿನ ನೂರಕ್ಕೆ ಒಂದರ ಆಸುಪಾಸು. ಇಷ್ಟು ಉಳಿಸಿ ಆ ದೇಶದ ಸಾಲ ತೀರುವುದಿಲ್ಲ. ಎಚ್‌ಐವಿ ಮಾತ್ರೆಯನ್ನು ಮಾತ್ರ ದಿನಾ ನುಂಗಬೇಕು, ಬಿಟ್ಟರೆ ವೈರಸ್ ಮತ್ತೆ ಏಳುತ್ತದೆ.

ಕೈ ಹಿಂದೆ ಎಳೆದದ್ದು ಅಮೆರಿಕ ಒಂದೇ ಅಲ್ಲ. ಬ್ರಿಟನ್ ಕೂಡ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 0.3ಕ್ಕೆ ಇಳಿಸುತ್ತಿದೆ. ಏಡ್ಸ್, ಕ್ಷಯ, ಮಲೇರಿಯಾಕ್ಕೆ ಹಣ ಹಂಚುವ ಗ್ಲೋಬಲ್ ಫಂಡ್, ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದರಲ್ಲೇ 143 ಕೋಟಿ ಡಾಲರ್ ಕಡಿತ ಮಾಡಿತು. 2025ರ ನವೆಂಬರಿನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಈ ಫಂಡಿಗೆ ಮುಂದಿನ ಮೂರು ವರ್ಷಕ್ಕೆ ಅಮೆರಿಕ 460 ಕೋಟಿ ಡಾಲರ್ ಒಪ್ಪಿಕೊಂಡಿತು. ಹಿಂದಿನ ಸಲ ಅದು 600 ಕೋಟಿ ಅಂದಿತ್ತು. ಪೂರ್ತಿ ಕೈ ಬಿಡಲಿಲ್ಲ ಅನ್ನುವುದು ಸಮಾಧಾನ. ಉಳಿದದ್ದನ್ನು ಯಾರು ತುಂಬುತ್ತಾರೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.