ತೆಂಗಿನ ಪರಿಮಳದ ಕಾವಲುಗಾರ

ಕರಾವಳಿಯ ಹಿತ್ತಿಲಲ್ಲಿ ಪಪ್ಪಾಯಿ ಗಿಡ ಬುಡ ಕೊಳೆತು ಸಾಯುವುದು ಹೆಚ್ಚಾಗಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. ಎಲೆ ಹಳದಿಯಾಗುತ್ತದೆ, ಬುಡದ ಸಿಪ್ಪೆ ಮೆತ್ತಗಾಗುತ್ತದೆ, ಒಂದು ಜೋರು ಗಾಳಿಗೆ ಕಾಯಿ ಸಮೇತ ಗಿಡ ನೆಲಕ್ಕೊರಗುತ್ತದೆ. ಆಗ ಔಷಧಿಗಾಗಿ ಪೇಟೆಗೆ ಓಡಿ ಫಲವಿಲ್ಲ. ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಮಣ್ಣಿನಲ್ಲಿ ಅಷ್ಟರೊಳಗೆ ತಮ್ಮ ಕೆಲಸ ಮುಗಿಸಿರುತ್ತವೆ. ಅವುಗಳಿಗಿಂತ ಮೊದಲೇ ಆ ಬುಡದಲ್ಲಿ ಟ್ರೈಕೋಡರ್ಮಾ ನೆಲೆಯೂರಿರಬೇಕಿತ್ತು.

ಟ್ರೈಕೋಡರ್ಮಾ ಒಂದು ಶಿಲೀಂಧ್ರ, ಆದರೆ ಬೇರೆ ಶಿಲೀಂಧ್ರಗಳನ್ನೂ ಶಿಲೀಂಧ್ರದಂಥ ರೋಗಾಣುಗಳನ್ನೂ ತಿಂದು ಬದುಕಬಲ್ಲದು. 1932ರಲ್ಲಿ ರಿಚರ್ಡ್ ವೈಂಡ್ಲಿಂಗ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ದಾಖಲಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಎಳೆ ರೋಗಕಾರಕದ ಎಳೆಯ ಪಕ್ಕದಲ್ಲೇ ಸಾಗಿ, ಸುತ್ತು ಹಾಕಿ, ಅಲ್ಲಲ್ಲಿ ಒತ್ತಿ ಹಿಡಿಯುತ್ತದೆ. ಒತ್ತಿದಲ್ಲಿ ಕೈಟಿನೇಸ್, ಗ್ಲೂಕನೇಸ್ ಎಂಬ ಕಿಣ್ವಗಳನ್ನು ಸುರಿಸಿ ಎದುರಾಳಿಯ ಕೋಶಭಿತ್ತಿಯನ್ನು ಕರಗಿಸುತ್ತದೆ. ಒಳಗಿನ ಸಾರ ಇದರ ಪಾಲು. ಕೆಲವು ತಳಿಗಳು ಎಳೆ ಮುಟ್ಟುವ ಮೊದಲೇ ಎದುರಾಳಿಯ ಬೆಳವಣಿಗೆ ಕುಗ್ಗಿಸುವ ಒಂದು ಆವಿಯನ್ನು ಹೊರಬಿಡುತ್ತವೆ. ಆ ಆವಿಗೆ ಥೇಟ್ ತೆಂಗಿನಕಾಯಿಯ ಪರಿಮಳ! ನಮ್ಮ ಊರಿಗೆ ಇದಕ್ಕಿಂತ ಒಪ್ಪುವ ಔಷಧಿ ಎಲ್ಲಿದೆ?

ನಮ್ಮ ಮುರಕಲ್ಲಿನ ಮಣ್ಣು ಸಹಜವಾಗಿ ಹುಳಿ. ಟ್ರೈಕೋಡರ್ಮಾ ಬಯಸುವುದೂ ಸ್ವಲ್ಪ ಹುಳಿ ಮಣ್ಣನ್ನೇ. ಆದ್ದರಿಂದ ಬುಡಕ್ಕೆ ಹುಳಿ ಕಳೆಯುವ ಸುಣ್ಣ ಹಾಕಿದ ಬೆನ್ನಿಗೇ ಇದನ್ನು ಹಾಕಬಾರದು.

ಹಾಗಾದರೆ ಅಡಿಕೆಯ ಕೊಳೆರೋಗಕ್ಕೂ ಇದನ್ನೇ ಸಿಂಪಡಿಸಬಹುದಲ್ಲ ಎಂದು ಕೃಷಿಕರು ಕೇಳುತ್ತಾರೆ. ನನ್ನ ಉತ್ತರ: ಬೇಡ, ಅಲ್ಲಿ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನೇ ನೆಚ್ಚಿಕೊಳ್ಳಿ. ಎತ್ತರದ ಗೊನೆಯ ಮೇಲೆ ಬಿಸಿಲಿಗೂ ಬಿಡದೆ ಸುರಿಯುವ ಮಳೆಗೂ ಈ ಜೀವಿ ತಾಳುವುದು ಕಷ್ಟ. ಅದರ ಮನೆ ಮಣ್ಣು. ಪಪ್ಪಾಯಿ, ನಿಂಬೆ, ಬಾಳೆಯ ಬೇರಿನ ಸುತ್ತಲಿನ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಸರಿ.

ಟ್ರೈಕೋಡರ್ಮಾದ ಪುಡಿಯನ್ನು ಹಾಗೆಯೇ ಬುಡಕ್ಕೆ ಎರಚಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಿನ್ನಲು ಏನೂ ಇಲ್ಲದ ಮಣ್ಣಿನಲ್ಲಿ ಅದು ಬದುಕುವುದಾದರೂ ಹೇಗೆ? ಸುಮಾರು 90 ಕೆ.ಜಿ. ಕಳಿತ ಹಟ್ಟಿಗೊಬ್ಬರಕ್ಕೆ 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿ ಹೊದೆಸಿ. ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಇಳಿಯಬಾರದು. ನಡುವೆ ಒಮ್ಮೆ ಮಗುಚಿ ಹಾಕಿ. ಮೊದಲು ಬಿಳಿ ಬಲೆ ಹಬ್ಬುತ್ತದೆ, ಆಮೇಲೆ ಅದರ ಮೇಲೆ ಹಸಿರು ಪುಡಿ ಕಾಣಿಸುತ್ತದೆ. ಆ ಹಸಿರೇ ಅದರ ಬೀಜಕಗಳು. ಎರಡು ವಾರದ ಹೊತ್ತಿಗೆ ಗೊಬ್ಬರ ಸಿದ್ಧ.

ಪೊಟ್ಟಣ ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ನೋಡಲೇಬೇಕು. ಬಿಸಿಲಿಗೆ ಬಿದ್ದ ಪೊಟ್ಟಣ ಬೇಡವೇ ಬೇಡ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿದ ಬುಡದಲ್ಲಿ ಇದು ಉಳಿಯುವುದಿಲ್ಲ. ಬಳಕೆಯ ಬಗ್ಗೆ ಸಂಶಯವಿದ್ದರೆ ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ನೀರು ನಿಲ್ಲುವ ಬುಡದಲ್ಲಿ ಮಾತ್ರ ಇದೂ ಸೋಲುತ್ತದೆ. ಟ್ರೈಕೋಡರ್ಮಾಕ್ಕೆ ಗಾಳಿ ಬೇಕು, ಫೈಟಾಫ್ತೊರಾದ ಬೀಜಕಗಳಿಗೋ ಈಜಲು ನೀರೇ ಬೇಕು. ಹಾಗಾಗಿ ಮೇ ತಿಂಗಳಲ್ಲೇ ನೀರು ಹರಿದುಹೋಗಲು ಕಣಿ ಬಿಡಿಸಿ, ಮೊದಲ ಮಳೆಗೆ ಮಣ್ಣು ಹದವಾದ ಕೂಡಲೇ ಈ ಗೊಬ್ಬರವನ್ನು ಬುಡಕ್ಕೆ ಕೊಟ್ಟು ತರಗೆಲೆ ಮುಚ್ಚಿಬಿಡಿ.