ಎಕ್ಸ್‌ರೇ ಸರಿ ಇದೆ, ಆದರೂ ಪಾವಟಿಗೆ ಇಳಿಯುವಾಗ ಮೊಣಕಾಲು ನೋಯುವುದೇಕೆ?

ಪ್ರಶ್ನೆ: ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡಸೀನ್ರಿ. ಒಂದು ತಿಂಗಳಿಂದ ದಿನಾ ಓಡ್ಲಿಕತ್ತೀನಿ. ಈಗ ಎರಡೂ ಮೊಣಕಾಲ ಚಿಪ್ಪಿನ ಹಿಂದ ನೋವು. ಓಡುವಾಗ ಅಷ್ಟು ಗೊತ್ತಾಗಂಗಿಲ್ಲ, ಪಾವಟಿಗಿ ಇಳಿಯುವಾಗ, ಬಸ್ಕಿ ಹೊಡಿಯುವಾಗ ಜಾಸ್ತಿ ಆಗ್ತದ. ಎಕ್ಸ್‌ರೇದಾಗ ಏನೂ ಇಲ್ಲ ಅಂದಾರ. ಮೊಣಕಾಲು ಸವದಾವೇನ್ರಿ? ಓಡೋದು ಬಿಡ್ಬೇಕೇನು? (ಕಲಬುರಗಿ)

ಉತ್ತರ: ನೀವು ಹೇಳುವ ಲಕ್ಷಣಗಳು ಸವೆತದವಲ್ಲ. ಓಟ ಬಿಡಬೇಕಾಗಿಲ್ಲ, ಕೆಲವು ವಾರ ಕಡಿಮೆ ಮಾಡಬೇಕು. ಅದರ ಜೊತೆಗೆ ತೊಡೆಯ ಮುಂಭಾಗದ ಮತ್ತು ಸೊಂಟದ ಪಕ್ಕದ ಸ್ನಾಯುಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಎರಡರಲ್ಲಿ ಒಂದನ್ನಷ್ಟೇ ಮಾಡಿದರೆ ನೋವು ಮತ್ತೆ ಮರಳಬಹುದು.

ಮೊಣಕಾಲ ಚಿಪ್ಪು ಬಾವಿಯ ಗಡಗಡಿಯಂತೆ ಕೆಲಸ ಮಾಡುತ್ತದೆ. ತೊಡೆಯ ಸ್ನಾಯು ಅದರ ಮೂಲಕ ಕಾಲನ್ನು ಎಳೆಯುತ್ತದೆ. ಮೊಣಕಾಲು ಮಡಚಿದಷ್ಟೂ ಚಿಪ್ಪು ತೊಡೆಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಪಾವಟಿಗೆ ಇಳಿಯುವಾಗ ಅಲ್ಲಿ ಬೀಳುವ ಒತ್ತಡ ದೇಹದ ತೂಕದ ಸುಮಾರು ಮೂರು ಪಟ್ಟು. ಆಳವಾಗಿ ಕುಳಿತೇಳುವ ಬಸ್ಕಿಯಲ್ಲಿ ಅದಕ್ಕಿಂತಲೂ ಹೆಚ್ಚು. ಸಪಾಟಾದ ಮೈದಾನದಲ್ಲಿ ಸುಮ್ಮನಿರುವ ನೋವು ಯಾದಗಿರಿ ಕೋಟೆ ಹತ್ತಿ ಇಳಿಯುವಾಗ, ಬೀದರ್‌ನಿಂದ ಕಲಬುರಗಿ ತನಕ ಬಸ್ಸಿನಲ್ಲಿ ಕಾಲು ಮಡಚಿ ಕುಂತು ಏಳುವಾಗ ಎದ್ದು ಕಾಣುವುದು ಇದೇ ಕಾರಣಕ್ಕೆ. ಹೆಚ್ಚಿನವರಲ್ಲಿ ಮೂಳೆಗೆ ಏನೂ ಆಗಿರುವುದಿಲ್ಲ, ಹಾಗಾಗಿ ಎಕ್ಸ್‌ರೇ ಸರಿಯಾಗಿಯೇ ಬರುತ್ತದೆ. ನೋವು ಸುಳ್ಳು ಎಂದು ಅದರ ಅರ್ಥವಲ್ಲ. ಕೀಲು ತಾಳುವುದಕ್ಕಿಂತ ಬೇಗ ನೀವು ಕೆಲಸ ಹೆಚ್ಚಿಸಿದ್ದೀರಿ, ಅಷ್ಟೆ.

ಪುರುಷರಿಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕೆಂಬ ಗುರಿ ಇರುವುದರಿಂದ ಬಹಳಷ್ಟು ಹುಡುಗರು ಮೊದಲ ದಿನದಿಂದಲೇ ಪೂರ್ತಿ ವೇಗದಲ್ಲಿ, ವಾರಕ್ಕೆ ಏಳೂ ದಿನ ಓಡುತ್ತಾರೆ. ಓಡಿ ಬಂದು ನೂರು ಬಸ್ಕಿ ಹೊಡೆಯುತ್ತಾರೆ. ಉಸಿರು, ಹೃದಯ ಮೂರು ವಾರದಲ್ಲೇ ಹೊಂದಿಕೊಂಡು ‘ಇನ್ನೂ ಓಡು’ ಎನ್ನುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಕೀಲುಗಳಿಗೆ ಎರಡು ಮೂರು ತಿಂಗಳು ಬೇಕು. ಈ ಅಂತರದಲ್ಲೇ ನೋವು ಹುಟ್ಟುತ್ತದೆ.

ಮೊದಲ ಎರಡು ವಾರ ಓಟದ ದೂರ ಅರ್ಧಕ್ಕೆ ಇಳಿಸಿ, ವಾರಕ್ಕೆ ಮೂರೇ ದಿನ ಓಡಿ. ಸ್ಪ್ರಿಂಟ್, ಇಳಿಜಾರು, ಆಳದ ಬಸ್ಕಿ ಬೇಡ. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಹತ್ತು ಸಲ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಓಡುವಾಗ ಮೂರರೊಳಗಿದ್ದು, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದಿನ ಸಲ ಓಟದ ನಿಮಿಷ ಸ್ವಲ್ಪ ಹೆಚ್ಚಿಸಿ. ಇಳಿಯದಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಇನ್ನೊಂದು ಕೆಲಸ ಮಾಡಿ: ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತವೆ ಎಣಿಸಿ. 160 ಬಂದರೆ, ವೇಗ ಹೆಚ್ಚಿಸದೆ ಹೆಜ್ಜೆ ಚಿಕ್ಕದು ಮಾಡಿ 168ರಿಂದ 176ಕ್ಕೆ ತನ್ನಿ. ಪಾದ ದೇಹದ ತೀರ ಮುಂದೆ ಬೀಳುವುದು ತಪ್ಪುತ್ತದೆ, ಚಿಪ್ಪಿನ ಮೇಲಿನ ಭಾರ ಇಳಿಯುತ್ತದೆ.

ಇನ್ನು ವ್ಯಾಯಾಮ. ದಿನ ಬಿಟ್ಟು ದಿನ ಮಾಡಿ. ಗೋಡೆಗೆ ಬೆನ್ನು ಕೊಟ್ಟು ಅರ್ಧಕ್ಕಿಂತ ಕಡಿಮೆ ಕುಳಿತು 30ರಿಂದ 45 ಸೆಕೆಂಡ್ ತಡೆಯಿರಿ, ಐದು ಸಲ. ಆಮೇಲೆ 10ರಿಂದ 15 ಸೆಂಟಿಮೀಟರ್ ಎತ್ತರದ ಪಾವಟಿಗೆಯ ಮೇಲೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವಷ್ಟು ಮೂರು ಸೆಕೆಂಡಿನಲ್ಲಿ ನಿಧಾನಕ್ಕೆ ಇಳಿದು ಏಳಿ, ಹತ್ತರಂತೆ ಮೂರು ಸರ್ತಿ. ಎದುರಿಗೆ ಕನ್ನಡಿ ಇಟ್ಟುಕೊಳ್ಳಿ. ಮೊಣಕಾಲು ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಅದು ಒಳಗೆ ವಾಲಿದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದು ತಿಳಿಯಿರಿ. ವ್ಯಾಯಾಮ ಫಲ ಕೊಡದೇ ಹೋಗುವುದು ಬಹುತೇಕ ಇಲ್ಲೇ. ಅದಕ್ಕಾಗಿ ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ, ತುಸು ಹಿಂದಕ್ಕೆ ಇಟ್ಟು 15 ಸಲ ಎತ್ತಿ, ಮೂರು ಸರ್ತಿ. ಸುಲಭವಾದ ಮೇಲೆ ಪುಸ್ತಕ ತುಂಬಿದ ಚೀಲ ಬೆನ್ನಿಗೆ ಹಾಕಿಕೊಂಡು ಪಾವಟಿಗೆಯ ವ್ಯಾಯಾಮ ಮಾಡಿ. ಆರು ವಾರಕ್ಕೆ ಫರಕು ಗೊತ್ತಾಗಬೇಕು, ಪೂರ್ತಿ ಬಲಕ್ಕೆ ಹನ್ನೆರಡು ವಾರ ಬೇಕು. ಹತ್ತು ದಿನ ಮಾಡಿ ‘ಆಗಲಿಲ್ಲ’ ಎಂದು ಬಿಡಬೇಡಿ.

ಮಾತ್ರೆಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾದ ಮಾತಿದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬೆವರಿ ನೀರು ಕಳೆದುಕೊಂಡ ದೇಹಕ್ಕೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೆ ಹೋಗುವ ರಕ್ತ ಇನ್ನೂ ಕಡಿಮೆಯಾಗಿ ಅದಕ್ಕೆ ಪೆಟ್ಟು ಬೀಳಬಹುದು. ಮಾತ್ರೆ ನುಂಗಿ ಓಡಲೇಬೇಡಿ. ತೀರ ನೋವಿದ್ದರೆ ಡೈಕ್ಲೋಫೆನಾಕ್ ಜೆಲ್ ಕೆಲವು ದಿನ ಹಚ್ಚಬಹುದು. ಬಟ್ಟೆಯಲ್ಲಿ ಸುತ್ತಿದ ಬರ್ಫ 15 ನಿಮಿಷ ಇಟ್ಟರೂ ಆರಾಮ. ಹೆಸರು ಬರೆಯದ ಪೊಟ್ಟಣದ ಗುಳಿಗೆಯಲ್ಲಿ ಸ್ಟೀರಾಯ್ಡ್ ಇರಬಹುದು, ಮುಟ್ಟಬೇಡಿ. ನೀ-ಕ್ಯಾಪ್ ಹಾಕಿದರೆ ಧೈರ್ಯ ಬರುತ್ತದೆಯೇ ಹೊರತು ಸ್ನಾಯು ಬಲಿಯುವುದಿಲ್ಲ.

ನೋವಿನ ಜಾಗ ಬೇರೆಯಾದರೆ ಕಾರಣವೂ ಬೇರೆ. ಚಿಪ್ಪಿನ ಕೆಳಗೆ ಒಂದೇ ಬೆರಳಿನಿಂದ ತೋರಿಸುವಂತಿದ್ದು, ಜಿಗಿಯುವಾಗ ಹೆಚ್ಚಾದರೆ ಅದು ಸ್ನಾಯುರಜ್ಜಿನದು. ಉದ್ದ ಜಿಗಿತ, ವಾಲಿಬಾಲ್ ಆಡುವವರಲ್ಲಿ ಸಾಮಾನ್ಯ. ಗೋಡೆಯ ವ್ಯಾಯಾಮ ಇದಕ್ಕೂ ಒಳ್ಳೆಯದು. ಹೊರಮಗ್ಗುಲಲ್ಲಿ, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ದೂರ ಓಡಿದ ಮೇಲೆ ಶುರುವಾಗುವ ಉರಿ ತೊಡೆಯ ಹೊರಬದಿಯ ಪಟ್ಟಿಯದು. ಹತ್ತರಿಂದ ಹದಿನೈದು ವಯಸ್ಸಿನ ಮಕ್ಕಳಿಗೆ ಚಿಪ್ಪಿನ ಕೆಳಗಿನ ಮೂಳೆ ಉಬ್ಬಿ ನೋಯುವುದು ಬೆಳವಣಿಗೆಯ ಜೊತೆ ಬರುವಂಥದ್ದು. ಐವತ್ತರ ಸುಮಾರಿಗೆ, ಬೆಳಿಗ್ಗೆ ಅರ್ಧ ಗಂಟೆಯೊಳಗೆ ಸಡಿಲಾಗುವ ಬಿಗಿತವಿದ್ದರೆ ಸವೆತದ ಸಾಧ್ಯತೆ ಇದೆ. ಅವರಿಗೂ ಔಷಧ ಇದೇ ವ್ಯಾಯಾಮ, ಜೊತೆಗೆ ತೂಕ ಇಳಿಸುವುದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ.

ಕಬಡ್ಡಿಯಲ್ಲಿ ಕಾಲು ತಿರುಚಿ ‘ಪಟ್’ ಎಂದು ಸದ್ದಾಗಿ, ಎರಡು ತಾಸಿನೊಳಗೆ ಊದಿಕೊಂಡರೆ ಮಾತ್ರ ಕಾಯಬೇಡಿ. ಎಸಿಎಲ್ ಎಂಬ ಒಳಗಿನ ಕಟ್ಟು ಹರಿದಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಕೂಡಿಸುವುದು ಬೇಡವೇ ಬೇಡ. ಮೊಣಕಾಲು ಮಧ್ಯದಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಅಲ್ಲಿ ಎಲುಬು-ಕೀಲು ವಿಭಾಗದಲ್ಲಿ ತೋರಿಸಬಹುದು. ನಿಮ್ಮಂಥ ನೋವಿಗಾದರೆ ಮೊದಲೇ ಎಂಆರ್‌ಐ ಮಾಡಿಸಿ ದುಡ್ಡು ಕಳೆಯಬೇಡಿ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಸಣ್ಣಪುಟ್ಟ ದೋಷ ಕಾಣುತ್ತವೆ, ಅವನ್ನು ನೋಡಿ ಹೆದರುವುದೇ ಹೆಚ್ಚು. ಆರು ವಾರ ಸರಿಯಾಗಿ ಮಾಡಿಯೂ ಇಳಿಯದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ನೀವು ಪಾವಟಿಗೆ ಇಳಿಯುವುದನ್ನು ಅವರು ಕಣ್ಣಾರೆ ನೋಡಲಿ.

ಪರೀಕ್ಷೆಗೆ ಮೂರೇ ವಾರ ಉಳಿದಿದ್ದರೆ ಬಲ ಕಟ್ಟಲು ಸಮಯ ಸಾಲದು. ಆಗ ಸೀಟು ಎತ್ತರ ಮಾಡಿದ ಸೈಕಲ್ ತುಳಿದು ದಮ್ಮು ಉಳಿಸಿಕೊಳ್ಳಿ. ವಾರಕ್ಕೆ ಎರಡು ದಿನ ಮಾತ್ರ 400 ಮೀಟರ್ ತುಂಡುಗಳಲ್ಲಿ ವೇಗದ ಓಟ ಇರಲಿ, ಅದೂ ನೋವು ಮೂರರೊಳಗಿದ್ದರೆ. ಫಿಸಿಯೋ ಹತ್ತಿರ ಚಿಪ್ಪಿಗೆ ಟೇಪ್ ಹಾಕುವುದು ಕಲಿತುಕೊಳ್ಳಿ, ತಾತ್ಕಾಲಿಕವಾಗಿ ನೋವು ತಗ್ಗುತ್ತದೆ. ಕೊನೆಯ ವಾರ ಹೊಸ ಬೂಟು, ಹೊಸ ವ್ಯಾಯಾಮ ಬೇಡ. ನೋವು ಮರೆಸುವ ಇಂಜೆಕ್ಷನ್ ತೆಗೆದುಕೊಂಡು ಟ್ರ್ಯಾಕಿಗೆ ಇಳಿಯಬೇಡಿ.