ಮೇಲಿನ ಗಾಜಿನ ಪಟ್ಟಿಗೆ ನೀರು ತಾಗಬಹುದೇ?

ಪ್ರಶ್ನೆ: ಸಾರ್, ಹಾಸನದ ಗಾಜಿನ ಅಂಗಡಿಯೊಂದರಲ್ಲಿ ಹೇಳಿ ಮಾಡಿಸಿದ ಮೀನಿನ ತೊಟ್ಟಿ ನಮ್ಮ ಮನೆಯಲ್ಲಿದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಾಯಿಯ ಸುತ್ತ ಒಳಗಡೆ ಗಾಜಿನ ಪಟ್ಟಿ ಅಂಟಿಸಿದ್ದಾರೆ, ನಡುವೆ ಒಂದು ಅಡ್ಡಪಟ್ಟಿಯೂ ಇದೆ. ಪಟ್ಟಿಗೆ ನೀರು ತಾಗಿದರೆ ತೊಟ್ಟಿ ಒಡೆಯುತ್ತದೆ, ನಾಲ್ಕು ಬೆರಳು ಕೆಳಗೇ ನಿಲ್ಲಿಸಿ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನೀರನ್ನು ಎಷ್ಟು ತುಂಬಬಹುದು?

ಉತ್ತರ: ಪಟ್ಟಿಯ ತಳಮೈಯಿಂದ ಒಂದು ಸೆಂಟಿಮೀಟರ್ ಕೆಳಗಿನವರೆಗೆ ತುಂಬಿ. ಕೈತಪ್ಪಿ ಪಟ್ಟಿಗೆ ತಾಗಿದರೂ ಏನೂ ಆಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪಕ್ಕದ ಮನೆಯವರು ಹಾಸನದಲ್ಲೂ ಇದ್ದಾರೆ, ಚಿಕ್ಕಮಗಳೂರಿನಲ್ಲೂ ಇದ್ದಾರೆ, ಪ್ರತಿ ಬೀದಿಯಲ್ಲೂ ಒಬ್ಬರಂತೆ ಇದ್ದಾರೆ. ಉತ್ತರ ಕೊಟ್ಟ ಮರುವಾರ ಅದೇ ಪ್ರಶ್ನೆ ಇನ್ನೊಂದು ಬೀದಿಯಿಂದ ಬರುತ್ತದೆ. ಆದ್ದರಿಂದ ಅವರ ವಾದವನ್ನು ಒಮ್ಮೆ ಪೂರ್ತಿಯಾಗಿ ಬಿಚ್ಚಿ ನೋಡೋಣ.

ಆ ವಾದಕ್ಕೆ ಮೂರು ರೂಪಗಳಿವೆ. ನೀರು ತಾಗಿದರೆ ಸಿಲಿಕೋನ್ ಅಂಟು ಬಿಡುತ್ತದೆ ಎಂಬುದು ಮೊದಲನೆಯದು. ಸ್ವಾಮಿ, ತೊಟ್ಟಿಯ ತಳದ ಅಂಚುಗಳನ್ನು ಯಾವುದರಿಂದ ಅಂಟಿಸಿದ್ದಾರೆ? ಅದೇ ಸಿಲಿಕೋನ್‌ನಿಂದ. ಆ ಬೆಸುಗೆ ನೀರು ತುಂಬಿದ ದಿನದಿಂದ ನಲವತ್ತು ಸೆಂಟಿಮೀಟರ್ ನೀರಿನ ಅಡಿಯಲ್ಲಿ ಕುಳಿತಿದೆ. ನೀರಿಗೆ ಹೆದರುವ ಅಂಟಾಗಿದ್ದರೆ ಮೊದಲು ಬಿಡಬೇಕಾದದ್ದು ತಳ, ಬಾಯಿಯಲ್ಲ. ಇನ್ನೂ ಒಂದು ಮಾತಿದೆ. ಅಂಗಡಿಯಲ್ಲಿ ಬಳಸುವ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯಲ್ಲಿರುವ ತೇವದಿಂದ. ಹೊಸ ತೊಟ್ಟಿಯ ಬಳಿ ಮೂಗಿಗೆ ಬಡಿಯುವ ವಿನಿಗರ್ ವಾಸನೆ ಆ ಕ್ರಿಯೆಯದ್ದೇ. ಹುಟ್ಟುವುದಕ್ಕೇ ನೀರಿನಂಶ ಬೇಕಾದ ವಸ್ತು ನೀರು ಕಂಡರೆ ಕರಗುತ್ತದೆ ಎನ್ನುವುದು ಸಿಲಿಕೋನ್‌ಗೆ ಮಾಡುವ ಅವಮಾನ.

ಎರಡನೆಯದು, ನೀರು ಪಟ್ಟಿಯನ್ನು ಮೇಲಕ್ಕೆ ತಳ್ಳಿ ಕಿತ್ತುಹಾಕುತ್ತದೆ ಎಂಬುದು. ನೀರು ಪಟ್ಟಿಯ ತಳಮೈಗೆ ಬರೀ ಮುಟ್ಟಿ ನಿಂತಾಗ ಮೇಲ್ಮುಖ ತಳ್ಳುವಿಕೆ ಸೊನ್ನೆ. ಏಕೆಂದರೆ ನೀರಿನ ಮೇಲ್ಮೈಯಲ್ಲಿ ನೀರಿನ ಒತ್ತಡವೇ ಇರುವುದಿಲ್ಲ, ಕೆಳಗಿಳಿದಂತೆ ಹೆಚ್ಚುತ್ತದೆ. ಇನ್ನೂ ಸುರಿದು ಎಂಟು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಪೂರ್ತಿ ಮುಳುಗಿಸಿದಿರಿ ಎನ್ನಿ. ಆಗಲೂ ಅದನ್ನು ಎತ್ತಲು ಯತ್ನಿಸುವುದು ಎಂಟು ಮಿಲಿಮೀಟರ್ ನೀರಿನ ಬಲ ಮಾತ್ರ. ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅಂಟಿಸದೇ ಇಟ್ಟಿದ್ದರೆ ಆ ಪಟ್ಟಿ ತಳಕ್ಕೆ ಮುಳುಗುತ್ತಿತ್ತು, ಮೇಲಕ್ಕೆ ಹಾರುತ್ತಿರಲಿಲ್ಲ.

ಮೂರನೆಯ ರೂಪದಲ್ಲಿ ಸ್ವಲ್ಪ ಸತ್ಯವಿದೆ, ಆದ್ದರಿಂದಲೇ ಅದು ಸಾಯುತ್ತಿಲ್ಲ. ನೀರು ಹೆಚ್ಚಾದರೆ ಗಾಜಿನ ಮೇಲಿನ ಬಲ ಹೆಚ್ಚುತ್ತದೆ. ನಿಜ. ಎಷ್ಟು ಹೆಚ್ಚುತ್ತದೆ? ನಿಮ್ಮ ಮೂರಡಿ ತೊಟ್ಟಿಯ ಮುಂಭಾಗದ ಗಾಜಿನ ಮೇಲೆ, ನೀರು 40 ಸೆಂಟಿಮೀಟರ್ ಇದ್ದಾಗ ಬೀಳುವ ಒಟ್ಟು ಬಲ ಸುಮಾರು 72 ಕಿಲೋ ತೂಕಕ್ಕೆ ಸಮ. 43 ಸೆಂಟಿಮೀಟರ್‌ಗೆ ಏರಿಸಿದರೆ ಸುಮಾರು 83 ಕಿಲೋ. ಬಲವು ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಮೂರು ಸೆಂಟಿಮೀಟರ್‌ಗೇ ಹನ್ನೊಂದು ಕಿಲೋ ಹೆಚ್ಚಿತು. ಕಡಿಮೆಯೇನಲ್ಲ. ಆದರೆ ತೊಟ್ಟಿಯ ಗಾಜಿನ ದಪ್ಪವನ್ನು ಲೆಕ್ಕ ಹಾಕುವುದು ತುಂಬಿದ ತೊಟ್ಟಿಗೆ, ಅದರ ಮೇಲೆ ಸಾಮಾನ್ಯವಾಗಿ 3.8 ಪಟ್ಟು ಸುರಕ್ಷತೆಯನ್ನು ಇಟ್ಟುಕೊಂಡು. 72 ಕಿಲೋಗೆ ನಿಂತು 83ಕ್ಕೆ ಸೀಳುವ ತೊಟ್ಟಿ ಮನೆಯೊಳಗೆ ಇರಲು ಯೋಗ್ಯವೇ ಅಲ್ಲ. ಅದಕ್ಕೆ ನಾಲ್ಕು ಬೆರಳು ಬಿಟ್ಟು ಪೂಜೆ ಮಾಡಿ ಪ್ರಯೋಜನವಿಲ್ಲ.

‘ನಮ್ಮದು ಉದ್ದದ ತೊಟ್ಟಿ, ಒತ್ತಡ ಜಾಸ್ತಿ’ ಎನ್ನುವವರೂ ಇದೇ ಗುಂಪಿನವರು. ಮಳೆಗಾಲದಲ್ಲಿ ಹಾಸನದವರೆಲ್ಲ ಪತ್ರಿಕೆಯಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಮಟ್ಟವನ್ನು ನೋಡುತ್ತಾರೆ, ಭರ್ತಿಯ ಮಟ್ಟವಾದ 2922 ಅಡಿಗೆ ಇನ್ನೆಷ್ಟು ಬಾಕಿ ಎಂದು. ಹೇಮಾವತಿಯ ಹಿನ್ನೀರು ಎಷ್ಟು ದೂರ ಹರಡಿದೆ ಎಂಬುದರಿಂದ ಅಣೆಕಟ್ಟಿನ ಬುಡದ ಒತ್ತಡ ಬದಲಾಗದು, ಆಳದಿಂದ ಮಾತ್ರ ಬದಲಾಗುತ್ತದೆ. ತೊಟ್ಟಿಯಲ್ಲೂ ಅಷ್ಟೇ. ಉದ್ದ ಹೆಚ್ಚಿದರೆ ಒತ್ತಡ ಹೆಚ್ಚುವುದಿಲ್ಲ. ಅದೇ ಒತ್ತಡ ಅಗಲವಾದ ಗಾಜಿನ ಮೇಲೆ ಬೀಳುವುದರಿಂದ ಗಾಜು ಹೆಚ್ಚು ಬಾಗುತ್ತದೆ. ಗಾಜಿನ ಮೂರು ಅಂಚುಗಳು ಅಂಟಿಕೊಂಡಿವೆ, ಬಾಯಿಯ ಅಂಚು ಮಾತ್ರ ಬಿಡುವಾಗಿದೆ. ಉದ್ದದ ತೊಟ್ಟಿ ಹೊರಕ್ಕೆ ಉಬ್ಬುವುದು ಆ ಅಂಚಿನ ನಡುಭಾಗದಲ್ಲಿ. ಪಟ್ಟಿ ಇರುವುದು ಆ ಉಬ್ಬನ್ನು ಹಿಡಿಯಲಿಕ್ಕೆ. ಅದು ನೀರಿನ ಮಟ್ಟ ತೋರಿಸುವ ಗೆರೆ ಅಲ್ಲ.

ಹಾಗಾದರೆ ಒಂದು ಸೆಂಟಿಮೀಟರ್ ಬಿಡಿ ಎಂದು ನಾನೇಕೆ ಹೇಳಿದೆ? ಕಾರಣಗಳು ಬೇರೆ. ಪಟ್ಟಿಯ ಮೇಲೆ ಗಾಜಿನ ಮುಚ್ಚಳವಿಟ್ಟಿದ್ದರೆ ಎರಡು ಗಾಜುಗಳ ನಡುವಿನ ಸಂದಿಯಲ್ಲಿ ನೀರು ತಾನಾಗಿ ಹತ್ತಿ ತೆಳುವಾಗಿ ಹರಡುತ್ತದೆ. ಆಮೇಲೆ ಹೊರ ಅಂಚಿನಿಂದ ತೊಟ್ಟಿಕ್ಕಿ ಸ್ಟ್ಯಾಂಡಿನ ಪ್ಲೈವುಡ್ಡನ್ನು ಉಬ್ಬಿಸುತ್ತದೆ. ತೊಟ್ಟಿ ಸೋರುತ್ತಿದೆ ಎಂದು ಬರುವ ದೂರುಗಳಲ್ಲಿ ಹಲವು ಇದೇ. ಗೌರಾಮಿ, ಬೆಟ್ಟಾ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುವ ಜಾತಿಯವು, ಅವಕ್ಕೆ ಮುಚ್ಚಳದ ಕೆಳಗೆ ಗಾಳಿ ಬೇಕು. ಹಾರುವ ಮೀನು ಸಾಕಿದ್ದರೆ ನೀರನ್ನು ಇಳಿಸುವುದಕ್ಕಿಂತ ಮುಚ್ಚಳ ಭದ್ರಪಡಿಸುವುದು ಮೇಲು.

ನನಗೆ ಇಷ್ಟವಾದ ಕಾರಣ ಮತ್ತೊಂದಿದೆ. ನೀರಿನ ಗೆರೆ ಪಟ್ಟಿಗೆ ಹತ್ತಿರವಿದ್ದರೆ ತೊಟ್ಟಿ ತಾನೇ ರಸಮಟ್ಟದ ಕೆಲಸ ಮಾಡುತ್ತದೆ. ಒಂದು ಸ್ಕೇಲ್ ತೆಗೆದುಕೊಂಡು ನಾಲ್ಕೂ ಮೂಲೆಯಲ್ಲಿ ಪಟ್ಟಿಯ ತಳಮೈಯಿಂದ ನೀರಿನವರೆಗೆ ಅಳೆಯಿರಿ. ಎಡಗಡೆ ಹತ್ತು ಮಿಲಿಮೀಟರ್, ಬಲಗಡೆ ಹದಿನೆಂಟು ಬಂದರೆ ಸ್ಟ್ಯಾಂಡ್ ಓರೆಯಾಗಿದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತೊಳೆದ ನೀರು ಹರಿಯಲೆಂದು ನೆಲಕ್ಕೆ ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ತೊಟ್ಟಿ ತುಂಬಿದಾಗ ನೀರೊಂದೇ ಸುಮಾರು 180 ಕಿಲೋ. ಅಷ್ಟು ಭಾರ ಮೂರು ಮೂಲೆಯ ಮೇಲೆ ಕುಳಿತು ನಾಲ್ಕನೆಯದು ತೇಲಿದರೆ ಗಾಜು ತಿರುಚುತ್ತದೆ. ತೊಟ್ಟಿ ಒಡೆಯುವುದು ಹೀಗೆ. ಅಡಿಗೆ ಹಾಕುವ ಥರ್ಮಾಕೋಲ್ ಸಣ್ಣ ಕಲ್ಲು, ಉಬ್ಬುಗಳನ್ನು ನುಂಗುತ್ತದೆಯೇ ಹೊರತು ನೆಲದ ಓರೆಯನ್ನಲ್ಲ. ಗಾಜಿನ ಅಂಚು ಚಕ್ಕೆ ಎದ್ದಿರುವುದು, ನೀರಿದ್ದಂತೆಯೇ ತೊಟ್ಟಿಯನ್ನು ಎತ್ತಿ ಸರಿಸುವುದು, ಲೈಟು ಕೂರಿಸಲು ಅಡ್ಡಪಟ್ಟಿಯನ್ನೇ ಬ್ಲೇಡಿನಿಂದ ಬಿಡಿಸುವುದು, ಇವೂ ಒಡೆಯುವ ದಾರಿಗಳೇ.

ನೀರು ಇಳಿಸಲೇಬೇಕಾದ ಸಂದರ್ಭ ಒಂದಿದೆ. ಪಟ್ಟಿ ಬಿರುಕು ಬಿಟ್ಟಿದ್ದರೆ ಅಥವಾ ಅಂಟು ಬಿಟ್ಟಿದ್ದರೆ ತಡಮಾಡದೆ ಅರ್ಧಕ್ಕೆ ಇಳಿಸಿ. ಎತ್ತರ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ದುರಸ್ತಿಯವರೆಗೆ ಉಸಿರಾಡಲು ಸಮಯ ಸಿಗುತ್ತದೆ. ಇಳಿಸುವ ಮೊದಲು ಹೀಟರ್ ಸ್ವಿಚ್ ತೆಗೆಯಿರಿ. ಚಳಿಗೆಂದು ಚಿಕ್ಕಮಗಳೂರಿನಲ್ಲಿ ಅನೇಕರು ಹೀಟರ್ ಇಡುತ್ತಾರೆ, ಆದರೆ ಅದರ ಮೇಲಿನ ಕನಿಷ್ಠ ನೀರಿನ ಗೆರೆಯನ್ನು ಯಾರೂ ನೋಡುವುದಿಲ್ಲ. ಕಾದ ಗಾಜಿನ ಕೊಳವೆ ನೀರಿನಿಂದ ಹೊರಬಂದು, ಮತ್ತೆ ತಣ್ಣೀರು ಬಿದ್ದರೆ ಸಿಡಿಯುತ್ತದೆ.

ಯಾರೂ ಕೇಳದಿದ್ದರೂ ಒಂದು ಮಾತು. ನೀರು ಆವಿಯಾಗಿ ಇಳಿದಾಗ ಗಾಜಿನ ಮೇಲೆ ಬಿಳಿ ಗೆರೆ ಉಳಿಯುತ್ತದಲ್ಲ, ಅದು ಕೊಳವೆಬಾವಿ ನೀರಿನ ಸುಣ್ಣದಂಶ. ಆವಿಯಾಗಿ ಹೋದದ್ದು ನೀರು ಮಾತ್ರ, ಲವಣಗಳೆಲ್ಲ ತೊಟ್ಟಿಯಲ್ಲೇ ಇವೆ. ಕಡಿಮೆಯಾದಷ್ಟನ್ನು ಪ್ರತಿ ವಾರ ಅದೇ ಕೊಳವೆಬಾವಿ ನೀರಿನಿಂದ ತುಂಬಿಸಿ ‘ನೀರು ಬದಲಿಸಿದೆ’ ಎಂದುಕೊಳ್ಳುವವರ ತೊಟ್ಟಿಯಲ್ಲಿ ಗಡಸುತನ ಏರುತ್ತಲೇ ಹೋಗುತ್ತದೆ. ಸ್ವಲ್ಪ ಹಳೆಯ ನೀರು ತೆಗೆದು ಹೊಸದನ್ನು ಹಾಕಿದರೆ ಮಾತ್ರ ಅದು ಬದಲಾವಣೆ. ಆವಿಯಾದಷ್ಟನ್ನು ತುಂಬಲು ಮಳೆನೀರು ಒಳ್ಳೆಯದು, ಮಲೆನಾಡಿನ ಅಂಚಿನಲ್ಲಿರುವ ನಮಗೆ ಅದಕ್ಕೇನು ಕೊರತೆ! ಮೊದಲ ಕೆಲವು ಮಳೆ ಛಾವಣಿಯನ್ನು ತೊಳೆದು ಹೋಗಲಿ, ಆಮೇಲೆ ಹೆಂಚಿನ ಮಾಡಿನಿಂದ ಹಿಡಿಯಿರಿ. ಸತು ಲೇಪಿಸಿದ ತಗಡಿನ ಮೇಲಿಂದ ಇಳಿದ ನೀರು ಬೇಡ, ಸತು ಮೀನಿಗೆ ವಿಷ.